ನಾಯಿಗೆ ಆಹಾರ ಆರಿಸುವುದು: ತೂಕ, ಲೇಬಲ್, ಅಳತೆ, ಅಪಾಯ

ಯಾವ ಆಹಾರ ಒಳ್ಳೆಯದು ಎಂದು ಕೇಳುವ ಮೊದಲು ನಾಯಿಯನ್ನು ತೂಗಬೇಕು. ಬೆಳೆಯುತ್ತಿರುವ ದೊಡ್ಡ ತಳಿಯ ಮರಿಗೆ ಹೊಂದುವ ಊಟ ಹತ್ತು ವರ್ಷದ ಸಣ್ಣ ನಾಯಿಗೆ ಹೊಂದುವುದಿಲ್ಲ. ದಿನಾ ಒಂದು ಗಂಟೆ ಓಡುವ ನಾಯಿಗೆ ಸಾಲದ ಪ್ರಮಾಣವೇ ಮನೆಯೊಳಗೆ ಮಲಗಿರುವ ನಾಯಿಗೆ ಅತಿಯಾಗುತ್ತದೆ. ಅಂಗಡಿಗೆ ಹೋಗುವ ಮುನ್ನ ಐದು ಸಂಗತಿ ಬರೆದಿಟ್ಟುಕೊಳ್ಳಿ: ತೂಕ, ವಯಸ್ಸು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ, ದಿನಕ್ಕೆ ಎಷ್ಟು ಓಡಾಟ, ಈಗಾಗಲೇ ಗೊತ್ತಿರುವ ಕಾಯಿಲೆ ಏನು.

ತೂಗುವುದು ಸುಲಭ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ಎತ್ತಲಾಗದ ನಾಯಿಯನ್ನು ಪಶುವೈದ್ಯರ ಬಳಿಯೇ ತೂಗಿಸಬೇಕು.

ತೂಕದ ಅಂಕಿಯೊಂದೇ ಸಾಲದು, ಮೈಯನ್ನೂ ಮುಟ್ಟಿ ನೋಡಬೇಕು. ಎರಡೂ ಕೈಗಳನ್ನು ನಾಯಿಯ ಪಕ್ಕೆಗಳ ಮೇಲೆ ಒತ್ತದೆ ಸವರಿ. ಮುಷ್ಟಿ ಕಟ್ಟಿದಾಗ ಗೆಣ್ಣುಗಳು ಕೈಗೆ ಸಿಗುವ ಹಾಗೆ ಪಕ್ಕೆಲುಬು ಸಿಕ್ಕರೆ ನಾಯಿ ತೀರಾ ಸೊರಗಿದೆ. ಕೈ ಚಾಚಿದಾಗ ಹಿಂಗೈಯ ಮೂಳೆಗಳು ಸಿಗುವಷ್ಟು ಸಿಕ್ಕರೆ ಸರಿಯಾಗಿದೆ. ಅಂಗೈಯಲ್ಲಿ ಮೂಳೆ ಹುಡುಕುವ ಹಾಗೆ ಒತ್ತಿ ಹುಡುಕಬೇಕಾದರೆ ಕೊಬ್ಬು ಜಾಸ್ತಿಯಾಗಿದೆ. ಮೇಲಿನಿಂದ ನೋಡಿದಾಗ ಪಕ್ಕೆಗಳ ಹಿಂದೆ ಸೊಂಟ ಒಳಸರಿದಿರಬೇಕು, ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲೇರಿರಬೇಕು. ಪಶುವೈದ್ಯರು ಇದನ್ನೇ 1ರಿಂದ 9ರ ಅಂಕಪಟ್ಟಿಯಲ್ಲಿ ಬರೆಯುತ್ತಾರೆ; 4 ಅಥವಾ 5 ಬಂದರೆ ಒಳ್ಳೆಯದು.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಗಳಾಗಿದ್ದಾಗಿನಿಂದ ಸಾಯುವವರೆಗೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ನಾಯಿಗಳನ್ನು ಎರಡೆರಡರ ಜೋಡಿ ಮಾಡಿ, ಒಂದು ನಾಯಿ ತಿಂದದ್ದಕ್ಕಿಂತ ಇನ್ನೊಂದಕ್ಕೆ ಶೇ 25ರಷ್ಟು ಕಡಿಮೆ ಹಾಕಲಾಗಿತ್ತು. ಕಡಿಮೆ ತಿಂದ ಗುಂಪು ಸುಮಾರು 1.8 ವರ್ಷ ಹೆಚ್ಚು ಬಾಳಿತು, ಅವುಗಳಿಗೆ ಕೀಲುನೋವೂ ತಡವಾಗಿ ಬಂತು. ಎರಡೂ ಗುಂಪು ತಿಂದದ್ದು ಒಂದೇ ಆಹಾರ. ಯಾವ ಬ್ರ್ಯಾಂಡ್ ಎಂದು ತಿಂಗಳುಗಟ್ಟಲೆ ಯೋಚಿಸುವವರು ಬಟ್ಟಲಿಗೆ ಎಷ್ಟು ಬೀಳುತ್ತಿದೆ ಎಂಬುದನ್ನು ಮಾತ್ರ ಅಂದಾಜಿಗೆ ಬಿಡುತ್ತಾರೆ. ನಾಯಿಯ ಆಯಸ್ಸಿಗೆ ಹೆಚ್ಚು ಸಂಬಂಧಪಟ್ಟದ್ದು ಈ ಎರಡನೆಯ ಪ್ರಶ್ನೆ.

ದಿನಕ್ಕೆ ಎಷ್ಟು ಕ್ಯಾಲೊರಿ

ಸುಮ್ಮನೆ ಮಲಗಿದ್ದರೂ ನಾಯಿಗೆ ಬೇಕಾಗುವ ಶಕ್ತಿಯನ್ನು ಹೀಗೆ ಲೆಕ್ಕ ಹಾಕುತ್ತಾರೆ: ಕಿಲೋ ತೂಕದ 0.75 ಘಾತವನ್ನು 70ರಿಂದ ಗುಣಿಸಬೇಕು. ಸಾಮಾನ್ಯ ಕ್ಯಾಲ್ಕುಲೇಟರ್ ಸಾಕು. ತೂಕವನ್ನು ಮೂರು ಸಲ ಗುಣಿಸಿ (10 × 10 × 10 = 1000), ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ (5.62), ಅದನ್ನು 70ರಿಂದ ಗುಣಿಸಿ. 10 ಕಿಲೋ ನಾಯಿಗೆ 394 ಕಿಲೋಕ್ಯಾಲೊರಿ ಬರುತ್ತದೆ.

ಇದನ್ನು ನಾಯಿಯ ಸ್ಥಿತಿಗೆ ತಕ್ಕಂತೆ ಹಿಗ್ಗಿಸಬೇಕು. ಸಂತಾನಹರಣ ಆದ ವಯಸ್ಕ ನಾಯಿಗೆ 1.6, ಆಗದ ವಯಸ್ಕ ನಾಯಿಗೆ 1.8, ನಾಲ್ಕು ತಿಂಗಳೊಳಗಿನ ಮರಿಗೆ 3, ನಾಲ್ಕು ತಿಂಗಳು ದಾಟಿದ ಮರಿಗೆ 2. ತೂಕ ಇಳಿಸಬೇಕಾದ ನಾಯಿಗೆ ಈಗಿನ ತೂಕ ಬಿಟ್ಟು, ಇರಬೇಕಾದ ತೂಕಕ್ಕೆ ಲೆಕ್ಕ ಹಾಕಿ 1ರಿಂದ ಗುಣಿಸುತ್ತಾರೆ. ಸಂತಾನಹರಣ ಆದ ವಯಸ್ಕ ನಾಯಿಗಳಿಗೆ ಸಿಗುವ ಅಂಕಿಗಳು ಸುಮಾರಾಗಿ ಹೀಗಿವೆ:

5 ಕಿಲೋ: 375 ಕಿಲೋಕ್ಯಾಲೊರಿ
10 ಕಿಲೋ: 630
20 ಕಿಲೋ: 1060
30 ಕಿಲೋ: 1435

ತೂಕ ಎರಡು ಪಟ್ಟಾದರೆ ಊಟ ಎರಡು ಪಟ್ಟಾಗುವುದಿಲ್ಲ. 5 ಕಿಲೋ ನಾಯಿಯ ಅಳತೆಯನ್ನು ಹಾಗೇ ಆರರಿಂದ ಗುಣಿಸಿ 30 ಕಿಲೋ ನಾಯಿಗೆ ಹಾಕಿದರೆ ದಿನಕ್ಕೆ 800ಕ್ಕೂ ಹೆಚ್ಚು ಕಿಲೋಕ್ಯಾಲೊರಿ ಮಿಗುತ್ತದೆ. ಒಂದೇ ತೂಕದ ಎರಡು ನಾಯಿಗಳ ನಡುವೆಯೂ ವ್ಯತ್ಯಾಸ ಇರುತ್ತದಾದ್ದರಿಂದ ಈ ಅಂಕಿಯನ್ನು ಆರಂಭದ ಅಂದಾಜು ಎಂದಷ್ಟೇ ತಿಳಿಯಿರಿ; ಮುಂದಿನ ವಾರಗಳ ತೂಕ ನೋಡಿ ತಿದ್ದಬೇಕು. ಚೀಲದ ಮೇಲಿನ ಅಳತೆಪಟ್ಟಿಯೂ ಅಂದಾಜೇ. ಅದು ಹೆಚ್ಚು ಓಡಾಡುವ ನಾಯಿಗಳನ್ನೂ ಲೆಕ್ಕಕ್ಕೆ ಹಿಡಿದದ್ದು, ಮನೆಯೊಳಗಿನ ನಾಯಿಗೆ ಹಲವು ಸಲ ಹೆಚ್ಚಾಗುತ್ತದೆ.

ಈಗ ಗ್ರಾಂ ಲೆಕ್ಕ. ಒಣ ಆಹಾರದ ಚೀಲದ ಮೇಲೆ 100 ಗ್ರಾಂಗೆ 360 ಕಿಲೋಕ್ಯಾಲೊರಿ ಎಂದಿದೆ ಎಂದುಕೊಳ್ಳಿ. 630ರಲ್ಲಿ ಹತ್ತರಲ್ಲೊಂದು ಪಾಲು, ಅಂದರೆ 63, ತಿಂಡಿ ತುಣುಕುಗಳಿಗೆ ಮೀಸಲು. ಉಳಿದ 567ಕ್ಕೆ ಸುಮಾರು 157 ಗ್ರಾಂ ಆಹಾರ ಬೇಕು. ಇದನ್ನು ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ. ಕಪ್‌ನಲ್ಲಿ ಅಳೆದರೆ ಒಬ್ಬರ ಕೈ ತುಂಬಿ ಹಾಕುತ್ತದೆ, ಇನ್ನೊಬ್ಬರ ಕೈ ಅಂಚಿಗೆ ನಿಲ್ಲಿಸುತ್ತದೆ, ಕಾಳಿನ ಗಾತ್ರ ಬದಲಾದರೂ ತೂಕ ಬದಲಾಗುತ್ತದೆ. ಸಣ್ಣ ನಾಯಿಗಂತೂ ಹತ್ತು ಗ್ರಾಂ ಆಚೀಚೆ ಆದರೂ ದೊಡ್ಡ ಅಂತರ.

ತಿಂಡಿಯ ಹತ್ತನೇ ಒಂದು ಪಾಲು ಎಷ್ಟು ಬೇಗ ಮುಗಿಯುತ್ತದೆ ನೋಡಿ: ಒಂದು ಬೇಯಿಸಿದ ಮೊಟ್ಟೆಯಲ್ಲೇ ಸುಮಾರು 70 ಕಿಲೋಕ್ಯಾಲೊರಿ ಇದೆ. 10 ಕಿಲೋ ನಾಯಿಯ ಇಡೀ ದಿನದ ತಿಂಡಿ ಅಲ್ಲಿಗೆ ತೀರಿತು. ತರಬೇತಿಗೆ ಪದೇ ಪದೇ ಕೊಡಬೇಕಾದರೆ ಕ್ಯಾರೆಟ್, ಸೌತೆಕಾಯಿ, ಬೇಯಿಸಿದ ಬೀನ್ಸ್, ಬೀಜ ತೆಗೆದ ಸೇಬು ಅಥವಾ ಕಲ್ಲಂಗಡಿಯ ಸಣ್ಣ ತುಣುಕು ಒಳ್ಳೆಯದು. ದಿನದ ಒಣ ಆಹಾರದಿಂದಲೇ ಒಂದು ಹಿಡಿ ತೆಗೆದಿಟ್ಟು ಬಹುಮಾನವಾಗಿ ಕೊಡುವುದು ಇನ್ನೂ ಸುಲಭ.

ಲೇಬಲ್‌ನಲ್ಲಿ ಓದಬೇಕಾದ ಸಾಲು

ಚೀಲದ ಮುಂಭಾಗದ ಮಾಂಸದ ಚಿತ್ರ, "ಪ್ರೀಮಿಯಂ", "ಹೋಲಿಸ್ಟಿಕ್", "ನೈಸರ್ಗಿಕ" ಎಂಬ ಮಾತುಗಳು ಪೋಷಣೆಯ ಬಗ್ಗೆ ಏನೂ ಹೇಳುವುದಿಲ್ಲ. ಹಿಂದೆ ತಿರುಗಿಸಿ "ಕಂಪ್ಲೀಟ್ ಅಂಡ್ ಬ್ಯಾಲೆನ್ಸ್‌ಡ್" ಎಂಬ ಸಣ್ಣ ಅಕ್ಷರದ ಸಾಲು ಹುಡುಕಿ. ಅಮೆರಿಕದ ಪಶು ಆಹಾರ ನಿಯಂತ್ರಕರ ಸಂಘ ಆಫ್ಕೋ ಅಥವಾ ಯುರೋಪಿನ ಸಾಕುಪ್ರಾಣಿ ಆಹಾರ ತಯಾರಕರ ಒಕ್ಕೂಟ ಫೆಡಿಯಾಫ್ ನಿಗದಿ ಮಾಡಿದ ಎಲ್ಲ ಪೋಷಕಾಂಶ ಇದರಲ್ಲಿದೆ, ಬೇರೇನೂ ಸೇರಿಸದೆ ಇದೊಂದನ್ನೇ ಹಾಕಬಹುದು ಎಂದು ಅದರ ಅರ್ಥ. ಅದೇ ಸಾಲಿನಲ್ಲಿ ಯಾವ ವಯಸ್ಸಿಗೆ ಎಂದೂ ಇರುತ್ತದೆ: ವಯಸ್ಕ ನಾಯಿಗೆ, ಬೆಳವಣಿಗೆಗೆ, ಅಥವಾ ಎಲ್ಲ ವಯಸ್ಸಿಗೆ. "ಕಾಂಪ್ಲಿಮೆಂಟರಿ", "ಸಪ್ಲಿಮೆಂಟಲ್", "ಟ್ರೀಟ್" ಎಂದಿದ್ದರೆ ಅದು ಪೂರ್ಣ ಊಟವಲ್ಲ. ಚಂದದ ಡಬ್ಬಿಯಲ್ಲಿ ಬರುವ ಮಾಂಸದ ತುಂಡಿನ ಎಷ್ಟೋ ಆಹಾರಗಳು ಈ ಎರಡನೇ ಗುಂಪಿನವು. ಅವನ್ನೇ ತಿಂಗಳುಗಟ್ಟಲೆ ಹಾಕಿದರೆ ಕೊರತೆ ಖಂಡಿತ.

ಆಫ್ಕೋ ಪ್ರಕಾರ, ನೀರಿನಂಶ ಕಳೆದು ಲೆಕ್ಕ ಹಾಕಿದಾಗ ವಯಸ್ಕ ನಾಯಿಯ ಆಹಾರದಲ್ಲಿ ಕನಿಷ್ಠ ಶೇ 18 ಪ್ರೋಟೀನ್, ಶೇ 5.5 ಕೊಬ್ಬು ಇರಬೇಕು; ಮರಿಗಳಿಗೂ ಗರ್ಭಿಣಿ, ಬಾಣಂತಿ ನಾಯಿಗಳಿಗೂ ಶೇ 22.5 ಮತ್ತು ಶೇ 8.5. ನೀರಿನಂಶ ಕಳೆಯದೆ ಒಣ ಆಹಾರವನ್ನೂ ಡಬ್ಬಿಯ ಹಸಿ ಆಹಾರವನ್ನೂ ಹೋಲಿಸಿದರೆ ಮೋಸಹೋಗುತ್ತೀರಿ. ಒಣ ಚೀಲದಲ್ಲಿ ತೇವಾಂಶ ಶೇ 10, ಪ್ರೋಟೀನ್ ಶೇ 24 ಇದ್ದರೆ 24ನ್ನು 90ರಿಂದ ಭಾಗಿಸಿ: ಶೇ 26.7. ಡಬ್ಬಿಯಲ್ಲಿ ತೇವಾಂಶ ಶೇ 78, ಪ್ರೋಟೀನ್ ಬರೀ ಶೇ 9 ಎಂದಿದ್ದರೂ 9ನ್ನು 22ರಿಂದ ಭಾಗಿಸಿದರೆ ಶೇ 40.9. ಕೊಬ್ಬಿಗೂ ಇದೇ ಲೆಕ್ಕ. ಡಬ್ಬಿಯ ಶೇ 5 ಕೊಬ್ಬು ನಿಜದಲ್ಲಿ ಶೇ 22.7 ಆಗುತ್ತದೆ, ಮೇದೋಜೀರಕ ಗ್ರಂಥಿಯ ಉರಿಯೂತ ಒಮ್ಮೆ ಬಂದುಹೋದ ನಾಯಿಗೆ ಇದು ಅಪಾಯದ ಅಂಕಿ.

ಪ್ರೋಟೀನ್ ಶೇಕಡಾವಾರು ಗುಣಮಟ್ಟವನ್ನು ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಆಹಾರದ ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ ಈ ಅಂಕಿ ಬರೆಯುತ್ತಾರೆ. ಆ ಸಾರಜನಕ ಎಲ್ಲಿಂದ ಬಂತು ಎಂದು ಪರೀಕ್ಷೆ ಕೇಳುವುದಿಲ್ಲ. 2007ರ ದುರಂತದ ಹಿಂದೆ ಇದೇ ಇತ್ತು. ಗೋಧಿ ಗ್ಲುಟೆನ್‌ಗೆ ಸಾರಜನಕ ತುಂಬಿದ ಮೆಲಮೈನ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆಸಿ ಪ್ರೋಟೀನ್ ಹೆಚ್ಚು ಕಾಣುವಂತೆ ಮಾಡಲಾಗಿತ್ತು. ಉತ್ತರ ಅಮೆರಿಕದಲ್ಲಿ ಅನೇಕ ನಾಯಿ, ಬೆಕ್ಕುಗಳು ಕಿಡ್ನಿ ಕೆಟ್ಟು ಸತ್ತವು, ಹಲವು ಬ್ರ್ಯಾಂಡ್‌ಗಳ ಆಹಾರವನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು.

ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ, ಆ ತೂಕದಲ್ಲಿ ನೀರೂ ಸೇರಿದೆ. ಮೊದಲ ಹೆಸರು "ಕೋಳಿ ಮಾಂಸ" ಆಗಿದ್ದರೂ ಅದರ ಮೂರರಲ್ಲಿ ಎರಡು ಪಾಲು ನೀರೇ. ನೀರು ತೆಗೆದು ಪುಡಿ ಮಾಡಿದ "ಚಿಕನ್ ಮೀಲ್" ಪಟ್ಟಿಯಲ್ಲಿ ಕೆಳಗಿದ್ದರೂ ಹೆಚ್ಚು ಪ್ರೋಟೀನ್ ಕೊಡಬಹುದು. ಒಂದೇ ಧಾನ್ಯವನ್ನು ಹಿಟ್ಟು, ತೌಡು, ಗ್ಲುಟೆನ್ ಎಂದು ಮೂರು ಹೆಸರಲ್ಲಿ ಒಡೆದರೆ ಪ್ರತಿಯೊಂದೂ ಕೆಳಗೆ ಜಾರಿ ಮಾಂಸ ಮೇಲೆ ಕಾಣುತ್ತದೆ. ಹೆಸರಿನಲ್ಲೂ ಲೆಕ್ಕ ಇದೆ: ಆಫ್ಕೋ ನಿಯಮದಂತೆ "ಚಿಕನ್ ಡಿನ್ನರ್" ಎನ್ನಲು ಕೋಳಿ ಶೇ 25 ಇದ್ದರೆ ಸಾಕು, "ವಿತ್ ಚಿಕನ್" ಎನ್ನಲು ಶೇ 3, "ಚಿಕನ್ ಫ್ಲೇವರ್" ಎನ್ನಲು ರುಚಿ ಗೊತ್ತಾದರೆ ಸಾಕು.

ಬ್ರ್ಯಾಂಡ್ ಬಗ್ಗೆ ಅನುಮಾನ ಬಂದರೆ ತಯಾರಕರಿಗೆ ನೇರವಾಗಿ ಬರೆದು ಕೇಳಿ. ಸೂತ್ರ ರೂಪಿಸಿದವರು ಪಶುಪೋಷಣೆಯಲ್ಲಿ ತಜ್ಞರೇ? ಸ್ವಂತ ಕಾರ್ಖಾನೆಯಲ್ಲಿ ತಯಾರಾಗುತ್ತದೆಯೇ? ಪ್ರತಿ ಬ್ಯಾಚ್‌ನಲ್ಲೂ ಬೂಷ್ಟಿನ ವಿಷ, ಸಾಲ್ಮೊನೆಲ್ಲ ಪರೀಕ್ಷೆ ಆಗುತ್ತದೆಯೇ? 1000 ಕಿಲೋಕ್ಯಾಲೊರಿಗೆ ಕ್ಯಾಲ್ಸಿಯಂ, ರಂಜಕ ಎಷ್ಟು? ಇವಕ್ಕೆ ಅಂಕಿ ಸಮೇತ ಉತ್ತರ ಕೊಡುವ ಕಂಪನಿಯನ್ನು ನಂಬಬಹುದು. "ಅದು ವ್ಯಾಪಾರ ರಹಸ್ಯ" ಎಂಬ ಉತ್ತರ ಬಂದರೆ ಬೇರೆಯದನ್ನು ನೋಡುವುದೇ ಲೇಸು.

ಧಾನ್ಯರಹಿತ ಆಹಾರದ ಬಗ್ಗೆ ಒಂದು ಮಾತು. ನಾಯಿ ತೋಳದಿಂದ ಬಂದದ್ದು, ಪಿಷ್ಟ ಅದಕ್ಕೆ ಆಗದು ಎಂಬ ವಾದ ನಿಲ್ಲುವುದಿಲ್ಲ. ಪಿಷ್ಟ ಜೀರ್ಣಿಸುವ ಅಮೈಲೇಸ್‌ನ ಜೀನ್ ಪ್ರತಿಗಳು ನಾಯಿಯಲ್ಲಿ ತೋಳಕ್ಕಿಂತ ಎಷ್ಟೋ ಹೆಚ್ಚು ಎಂದು 2013ರ ತಳಿವಿಜ್ಞಾನದ ಅಧ್ಯಯನ ತೋರಿಸಿತು. ಮತ್ತೊಂದೆಡೆ, ಬಟಾಣಿ, ಮಸೂರದಂಥ ಕಾಳುಗಳೇ ಮುಖ್ಯವಾದ ಆಹಾರಕ್ಕೂ ಹೃದಯದ ಸ್ನಾಯು ಹಿಗ್ಗಿ ದುರ್ಬಲವಾಗುವ ಕಾಯಿಲೆಗೂ ನಂಟಿರಬಹುದು ಎಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತು. ಕಾರಣ ಪೂರ್ತಿ ಸಾಬೀತಾಗಿಲ್ಲ. ಆದರೂ ವೈದ್ಯಕೀಯ ಕಾರಣವಿಲ್ಲದೆ ಧಾನ್ಯ ಬಿಡಿಸುವುದರಿಂದ ನಾಯಿಗೆ ಲಾಭವೇನೂ ಇಲ್ಲ.

ಮನೆಯಲ್ಲೇ ಬೇಯಿಸಿ ಹಾಕುವವರಿಗೆ

ಅತಿ ಹೆಚ್ಚು ಪ್ರೀತಿಯಿಂದ ಮಾಡುವ ತಪ್ಪು ಇಲ್ಲಿದೆ, ಅದಕ್ಕೇ ಸ್ವಲ್ಪ ವಿವರವಾಗಿ ನೋಡೋಣ. ಪುಸ್ತಕಗಳಲ್ಲೂ ಜಾಲತಾಣಗಳಲ್ಲೂ ಸಿಗುವ 200 ಮನೆ ಅಡುಗೆ ವಿಧಾನಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಪರಿಶೀಲಿಸಿ 2013ರಲ್ಲಿ ವರದಿ ಮಾಡಿದರು. ಶೇ 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶ ಕಡಿಮೆ ಇತ್ತು.

ಏಕೆಂದು ಒಂದು ಲೆಕ್ಕದಿಂದಲೇ ಗೊತ್ತಾಗುತ್ತದೆ. 10 ಕಿಲೋ ನಾಯಿಗೆ ದಿನಕ್ಕೆ 200 ಗ್ರಾಂ ಬೇಯಿಸಿದ ಕೋಳಿಯ ಎದೆಮಾಂಸ, 200 ಗ್ರಾಂ ಅನ್ನ, ಒಂದು ಟೀ ಚಮಚ ಎಣ್ಣೆ ಹಾಕಿದಿರಿ ಎಂದುಕೊಳ್ಳಿ. ಒಟ್ಟು ಸುಮಾರು 630 ಕಿಲೋಕ್ಯಾಲೊರಿ, ಶಕ್ತಿ ಸರಿಹೋಯಿತು. ಪ್ರೋಟೀನ್ 65 ಗ್ರಾಂ ದಾಟಿತು, ಧಾರಾಳ. ಕ್ಯಾಲ್ಸಿಯಂ ಮಾತ್ರ ಬರೀ 50 ಮಿಲಿಗ್ರಾಂನಷ್ಟು. ಬೇಕಾದದ್ದು 1000 ಕಿಲೋಕ್ಯಾಲೊರಿಗೆ 1.25 ಗ್ರಾಂ ಲೆಕ್ಕದಲ್ಲಿ ಸುಮಾರು 790 ಮಿಲಿಗ್ರಾಂ. ಮಾಂಸದಲ್ಲಿ ರಂಜಕ ತುಂಬಾ ಇದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ರಂಜಕ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಒಂದರಿಂದ ಎರಡು ಪಾಲು ಇರಬೇಕಿತ್ತು. ಕೊರತೆ ಬಿದ್ದಾಗ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಕೊಡುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಮೂಳೆ ಮಾತ್ರ ಟೊಳ್ಳಾಗುತ್ತಾ ಹೋಗುತ್ತದೆ. ಮರಿಗಳಲ್ಲಿ ಇದು ವಾರಗಳಲ್ಲೇ ಕುಂಟಾಗಿ, ಸಣ್ಣ ಜಿಗಿತಕ್ಕೇ ಮೂಳೆ ಮುರಿತವಾಗಿ ಹೊರಬೀಳುತ್ತದೆ.

ಮೊಟ್ಟೆಯ ಚಿಪ್ಪಿನ ಪುಡಿ ಕ್ಯಾಲ್ಸಿಯಂಗೆ ಒಳ್ಳೆಯ ಮೂಲ. ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಪೂರ್ತಿ ಒಣಗಿಸಿ, ಹರಳು ಉಳಿಯದ ಹಾಗೆ ನುಣ್ಣಗೆ ಪುಡಿ ಮಾಡಿ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 0.38 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಮೇಲಿನ ಊಟಕ್ಕೆ ಸುಮಾರು 2 ಗ್ರಾಂ ಬೇಕು. ಇಷ್ಟು ಮಾಡಿದರೂ ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ ಕೊರತೆ ಹಾಗೇ ಉಳಿಯುತ್ತದೆ. ಬಿಸಿಲಲ್ಲಿ ಬಿಟ್ಟರೆ ವಿಟಮಿನ್ ಡಿ ಆಗುತ್ತದೆ ಎಂದುಕೊಳ್ಳಬೇಡಿ. ನಾಯಿಯ ಚರ್ಮ ಅದನ್ನು ಸಾಕಷ್ಟು ತಯಾರಿಸುವುದಿಲ್ಲ, ಊಟದಿಂದಲೇ ಬರಬೇಕು. ವಿಟಮಿನ್ ಸಿ ಮಾತ್ರ ನಾಯಿಯ ದೇಹವೇ ಮಾಡಿಕೊಳ್ಳುತ್ತದೆ.

ಇವೆಲ್ಲವನ್ನೂ ತರಕಾರಿ ಬದಲಾಯಿಸುತ್ತಾ ತುಂಬಿಸಲು ಆಗದು. ಮನೆ ಊಟವೇ ಬೇಕೆಂದರೆ ಪಶುಪೋಷಣೆ ತಜ್ಞರಿಂದ ನಿಮ್ಮ ನಾಯಿಗೆಂದೇ ಸೂತ್ರ ಬರೆಸಿ, ಅವರು ಹೇಳಿದ ವಿಟಮಿನ್-ಖನಿಜ ಪುಡಿಯನ್ನು ತೂಗಿ ಹಾಕಿ. ಮನುಷ್ಯರ ಮಲ್ಟಿವಿಟಮಿನ್ ಮಾತ್ರೆ ಬೇಡ: ಅಳತೆ ಹೊಂದುವುದಿಲ್ಲ, ಕೆಲವದರಲ್ಲಿ ನಾಯಿಗೆ ವಿಷವಾಗುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ. ಸೂತ್ರದಲ್ಲಿ ಒಂದು ಎಣ್ಣೆಯ ಬದಲು ಇನ್ನೊಂದು, ಕೋಳಿಯ ಬದಲು ಕುರಿ ಎಂದು ನೀವೇ ಬದಲಾಯಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಲಿವರ್ ನಾಯಿಗೆ ಬಲು ಇಷ್ಟ, ಆದರೆ ಅದರ ವಿಟಮಿನ್ ಎ ದೇಹದಲ್ಲಿ ಸೇರುತ್ತಾ ಹೋಗುತ್ತದೆ. ಊಟದ ಇಪ್ಪತ್ತನೇ ಒಂದು ಪಾಲು ಮೀರಬಾರದು. ಉಪ್ಪು-ಖಾರ, ಈರುಳ್ಳಿ, ಒಗ್ಗರಣೆ ಯಾವುದೂ ಬೇಡ.

ಹೊಟ್ಟೆ ಕೆಟ್ಟಾಗ ಕೊಡುವ ಬೇಯಿಸಿದ ಕೋಳಿ ಮತ್ತು ಅನ್ನ ಎರಡು-ಮೂರು ದಿನಕ್ಕೆ ಸರಿ. ಅದೇ ರೂಢಿಯಾಗಿ ತಿಂಗಳು ಮುಂದುವರಿದರೆ ಮೇಲೆ ಹೇಳಿದ್ದೆಲ್ಲ ಅನ್ವಯವಾಗುತ್ತದೆ.

ಹಸಿ ಮಾಂಸವನ್ನು ನಾವು ಶಿಫಾರಸು ಮಾಡುವುದಿಲ್ಲ. ಸಾಲ್ಮೊನೆಲ್ಲ, ಲಿಸ್ಟೀರಿಯ, ಇ. ಕೋಲಿ ನಾಯಿಗೆ ತೊಂದರೆ ಮಾಡದೇ ಇರಬಹುದು, ಆದರೆ ಅದರ ಬಾಯಿ, ಮಲ, ಬಟ್ಟಲಿನ ಮೂಲಕ ಮನೆಯ ಮಗುವಿಗೋ ಗರ್ಭಿಣಿಗೋ ವೃದ್ಧರಿಗೋ ತಗಲುತ್ತವೆ. ಫ್ರೀಜರ್‌ನಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ ಅಷ್ಟೇ. ಹಸಿ ಹಂದಿ ಮಾಂಸದಿಂದ ಬರುವ ಔಜೆಸ್ಕಿ ರೋಗಕ್ಕೆ ನಾಯಿಯಲ್ಲಿ ಚಿಕಿತ್ಸೆಯೇ ಇಲ್ಲ. ಕುರಿ, ದನದ ಹಸಿ ಒಳಾಂಗಗಳಿಂದ ಬರುವ ಲಾಡಿಹುಳದ ಮೊಟ್ಟೆಗಳು ನಾಯಿಯಿಂದ ಮನುಷ್ಯರಿಗೆ ದಾಟಿ ಲಿವರ್‌ನಲ್ಲೂ ಶ್ವಾಸಕೋಶದಲ್ಲೂ ನೀರುಗಂಟುಗಳಾಗುತ್ತವೆ.

ಮರಿ, ವೃದ್ಧ ನಾಯಿ, ಅಲರ್ಜಿಯ ನಾಯಿ

ವಯಸ್ಕವಾದಾಗ 32 ಕಿಲೋ ದಾಟುವ ತಳಿಯ ಮರಿಗೆ "ದೊಡ್ಡ ತಳಿಯ ಮರಿಗಳ ಬೆಳವಣಿಗೆಗೂ ಸೂಕ್ತ" ಎಂದು ಸ್ಪಷ್ಟವಾಗಿ ಬರೆದಿರುವ ಆಹಾರವೇ ಬೇಕು. ಅಂಥದ್ದರಲ್ಲಿ ಕ್ಯಾಲ್ಸಿಯಂ ಶೇ 1.8 ಮೀರಿರುವುದಿಲ್ಲ. ಆರು ತಿಂಗಳೊಳಗಿನ ಮರಿಯ ಕರುಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯಲಾರದು, ಬಂದಷ್ಟನ್ನು ಹೀರುತ್ತಾ ಹೋಗುತ್ತದೆ. ಪರಿಣಾಮವಾಗಿ ಮೂಳೆ, ಕೀಲು ಅಂಕುಡೊಂಕಾಗಿ ಬೆಳೆಯುತ್ತವೆ. ಪೂರ್ಣ ಆಹಾರ ತಿನ್ನುವ ಮರಿಗೆ ಮೇಲಿಂದ ಕ್ಯಾಲ್ಸಿಯಂ ಸಿರಪ್ ಹಾಕುವ ಅಭ್ಯಾಸ ಒಳ್ಳೆಯ ಉದ್ದೇಶದಿಂದಲೇ ಕೆಡುಕು ಮಾಡುತ್ತದೆ. ಬೇಗ ದೊಡ್ಡದಾಗಲಿ ಎಂದು ತುಂಬಿಸಿ ತಿನ್ನಿಸುವುದೂ ಹಾಗೆಯೇ.

ಮೂರು-ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಊಟ. ತೀರಾ ಸಣ್ಣ ತಳಿಯ ಮರಿಗಳು ಹೊತ್ತು ಮೀರಿ ಹಸಿದರೆ ರಕ್ತದ ಸಕ್ಕರೆ ಕುಸಿದು ತೂಕಡಿಸಿ ಬೀಳುತ್ತವೆ. ಎದೆ ಆಳವಾದ ದೊಡ್ಡ ನಾಯಿಗಳಿಗೆ ಇಡೀ ದಿನದ ಊಟ ಒಂದೇ ಸಲ ಹಾಕಬೇಡಿ. ಗಬಗಬನೆ ತಿಂದು ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಅವಕ್ಕೆ ಹೆಚ್ಚು. ಹೊಟ್ಟೆ ಊದಿ, ವಾಂತಿ ಮಾಡಲು ಯತ್ನಿಸಿದರೂ ಏನೂ ಬರದಿದ್ದರೆ ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ.

ವಯಸ್ಸಾದ ನಾಯಿಗೆ ಪ್ರೋಟೀನ್ ಕಡಿಮೆ ಮಾಡಬೇಕು ಎಂಬುದು ಹಳೆಯ ನಂಬಿಕೆ. ಕಿಡ್ನಿ ಕಾಯಿಲೆ ಇಲ್ಲದ ವೃದ್ಧ ನಾಯಿಗೆ ಮಾಂಸಖಂಡ ಕರಗದಿರಲು ಒಳ್ಳೆಯ ಪ್ರೋಟೀನ್ ಬೇಕೇ ಬೇಕು.

ಸದಾ ತುರಿಸಿಕೊಳ್ಳುವ, ಕಿವಿ ಕೆಡುವ ನಾಯಿಗೆ ಆಹಾರದ ಅಲರ್ಜಿ ಇರಬಹುದು. ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಹೆಚ್ಚಾಗಿ ಕಾರಣವಾಗುತ್ತವೆ. ಕೂದಲು, ಜೊಲ್ಲು, ರಕ್ತದ ಪರೀಕ್ಷೆಗಳು ಇದಕ್ಕೆ ನಂಬಲರ್ಹವಲ್ಲ. ಹಿಂದೆಂದೂ ತಿನ್ನದ ಪ್ರೋಟೀನ್ ಅಥವಾ ಹೈಡ್ರೊಲೈಸ್ಡ್ (ಪ್ರೋಟೀನನ್ನು ಸಣ್ಣ ಚೂರುಗಳಾಗಿ ಒಡೆದ) ಆಹಾರವನ್ನು ಎಂಟು ವಾರ ಕೊಟ್ಟು, ಆಮೇಲೆ ಹಳೆಯದನ್ನು ಮತ್ತೆ ಕೊಟ್ಟು ನೋಡುವುದೇ ದಾರಿ. ಆ ಎಂಟು ವಾರದಲ್ಲಿ ಯಾರೋ ಕೊಟ್ಟ ಒಂದು ಬಿಸ್ಕತ್ತು ಕೂಡ ಪರೀಕ್ಷೆಯನ್ನು ಕೆಡಿಸುತ್ತದೆ, ಮನೆಯವರಿಗೆಲ್ಲ ಮೊದಲೇ ಹೇಳಿಡಿ.

ಬಾಯಿಗೆ ಬೀಳಬಾರದ್ದು

ಚಾಕೊಲೇಟ್‌ನ ಥಿಯೋಬ್ರೊಮಿನ್ ನಾಯಿಯ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ಅರ್ಧದಷ್ಟು ಕಡಿಮೆಯಾಗಲು ಸುಮಾರು 17 ಗಂಟೆ ಬೇಕು. ಕಿಲೋ ತೂಕಕ್ಕೆ 20 ಮಿಲಿಗ್ರಾಂ ಆದಾಗ ವಾಂತಿ, ಚಡಪಡಿಕೆ; 40–50ಕ್ಕೆ ಹೃದಯದ ಬಡಿತ ತಪ್ಪುತ್ತದೆ; 60ಕ್ಕೆ ಸೆಳವು. ಹಾಲಿನ ಚಾಕೊಲೇಟ್‌ನಲ್ಲಿ ಗ್ರಾಂಗೆ ಸುಮಾರು 2 ಮಿಲಿಗ್ರಾಂ, ಬೇಕಿಂಗ್‌ಗೆ ಬಳಸುವ ಕಹಿ ಚಾಕೊಲೇಟ್‌ನಲ್ಲಿ ಸುಮಾರು 15. ಅಂದರೆ 10 ಕಿಲೋ ನಾಯಿಗೆ ಹಾಲಿನದು 100 ಗ್ರಾಂ ತಿಂದಾಗ ಲಕ್ಷಣ ಶುರುವಾದರೆ, ಕಹಿಯದು 40 ಗ್ರಾಂ ತಿಂದರೆ ಸೆಳವಿನ ಮಟ್ಟ.

ಕ್ಸೈಲಿಟಾಲ್ ಅದಕ್ಕಿಂತ ಭೀಕರ. ಸಕ್ಕರೆರಹಿತ ಚ್ಯೂಯಿಂಗ್ ಗಮ್, ಕೆಲವು ಪೀನಟ್ ಬಟರ್, ಟೂತ್‌ಪೇಸ್ಟ್, ಸಿರಪ್‌ಗಳಲ್ಲಿರುತ್ತದೆ. ಲೇಬಲ್‌ನಲ್ಲಿ "ಬರ್ಚ್ ಶುಗರ್" ಎಂದೂ ಬರೆದಿರಬಹುದು. ನಾಯಿಯಲ್ಲಿ ಇದು ಇನ್ಸುಲಿನ್ ಉಕ್ಕಿಸಿ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಕಿಲೋಗೆ 0.1 ಗ್ರಾಂ ಸಾಕು, 0.5 ಗ್ರಾಂ ದಾಟಿದರೆ ಲಿವರ್ ಹಾಳಾಗಬಹುದು. ಲಕ್ಷಣ ಅರ್ಧ ಗಂಟೆಯಲ್ಲೂ ಬರಬಹುದು, ಹನ್ನೆರಡು ಗಂಟೆ ತಡವಾಗಿಯೂ ಬರಬಹುದು.

ದ್ರಾಕ್ಷಿ, ಒಣದ್ರಾಕ್ಷಿಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಅದರ ಟಾರ್ಟಾರಿಕ್ ಆಮ್ಲವೇ ಕಾರಣ ಎಂದು ಈಗ ಬಲವಾಗಿ ಶಂಕಿಸಲಾಗಿದೆ. ಒಂದು ನಾಯಿ ಗೊಂಚಲು ತಿಂದೂ ಆರಾಮಾಗಿರುತ್ತದೆ, ಇನ್ನೊಂದು ಕೆಲವೇ ಕಾಳಿಗೆ ಕಿಡ್ನಿ ಕಳೆದುಕೊಳ್ಳುತ್ತದೆ. "ನಮ್ಮ ನಾಯಿಗೆ ಏನೂ ಆಗಲಿಲ್ಲ" ಎಂಬ ಮಾತನ್ನು ನಂಬಬೇಡಿ.

ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ, ಬೆಂದಿರಲಿ, ಪುಡಿಯಾಗಿರಲಿ, ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕಿಲೋಗೆ 15 ಗ್ರಾಂ ಈರುಳ್ಳಿ ಒಮ್ಮೆಗೇ ಹೋದರೂ, ಸ್ವಲ್ಪ ಸ್ವಲ್ಪವಾಗಿ ದಿನಾ ಹೋದರೂ ಹಾನಿ. ಲಕ್ಷಣ ಮೂರ್ನಾಲ್ಕು ದಿನ ಕಳೆದು ಕಾಣುವುದರಿಂದ ಜನ ಅದನ್ನು ಊಟಕ್ಕೆ ಜೋಡಿಸುವುದೇ ಇಲ್ಲ: ಒಸಡು ಬಿಳಿಚುತ್ತದೆ, ಸುಸ್ತು, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ.

ಮೆಕಡೇಮಿಯ ಬೀಜ ಹಿಂಗಾಲುಗಳ ಬಲ ತೆಗೆಯುತ್ತದೆ. ಹುದುಗುತ್ತಿರುವ ಹಸಿ ಹಿಟ್ಟು ಹೊಟ್ಟೆಯಲ್ಲಿ ಉಬ್ಬಿ ಮದ್ಯಸಾರವನ್ನೂ ಬಿಡುತ್ತದೆ. ಕಾಫಿ, ಮದ್ಯ ಹೇಳಬೇಕಾದ್ದೇ ಇಲ್ಲ. ಬೂಷ್ಟು ಹಿಡಿದ ಬ್ರೆಡ್ಡು, ಚೀಸು, ಕಾಳು ತಿಂದ ನಾಯಿಗೆ ಮೈನಡುಕ, ಸೆಳವು ಬರುತ್ತದೆ. ಕಸದ ಬುಟ್ಟಿಗೆ ಮುಚ್ಚಳ ಇರಲಿ. ಮಾಂಸದಿಂದ ಕೊಯ್ದು ತೆಗೆದ ಕೊಬ್ಬನ್ನು ನಾಯಿಗೆ ಎಸೆಯುವುದು ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಆಹ್ವಾನ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳು ತೂತು ಮಾಡುತ್ತದೆ, ಮೆಕ್ಕೆಜೋಳದ ದಿಂಡು ಮತ್ತು ದೊಡ್ಡ ಹಣ್ಣಿನ ಓಟೆ ಕರುಳಿಗೆ ಅಡ್ಡ ಕೂರುತ್ತವೆ. ಅಗಿಯಲು ಕೊಡುವ ವಸ್ತುವನ್ನು ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವೂ ತಗ್ಗದಿದ್ದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ.

ತಿಂದದ್ದು ಗೊತ್ತಾದ ತಕ್ಷಣ ಏನು, ಎಷ್ಟು, ಎಷ್ಟು ಹೊತ್ತಿಗೆ, ನಾಯಿಯ ತೂಕ ಎಷ್ಟು ಎಂದು ಬರೆದುಕೊಂಡು, ಪೊಟ್ಟಣ ಹಿಡಿದು ಪಶುವೈದ್ಯರಿಗೆ ಫೋನ್ ಮಾಡಿ. ವಾಂತಿ ಮಾಡಿಸಿ ಪ್ರಯೋಜನ ಸಿಗುವುದು ಸಾಮಾನ್ಯವಾಗಿ ಮೊದಲ ಎರಡು ಗಂಟೆ ಮಾತ್ರ, ಲಕ್ಷಣಕ್ಕೆ ಕಾಯುತ್ತಾ ಕೂತರೆ ಆ ಅವಕಾಶ ಹೋಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅದರಿಂದಲೇ ಸತ್ತ ನಾಯಿಗಳಿವೆ.

ಬದಲಾಯಿಸುವುದು, ಇಡುವುದು, ತಿದ್ದುವುದು

ಹೊಸ ಆಹಾರಕ್ಕೆ 7ರಿಂದ 10 ದಿನ ಕೊಡಿ. ಮೊದಲ ಎರಡು-ಮೂರು ದಿನ ಕಾಲು ಭಾಗ ಹೊಸದು, ಮುಂದಿನ ಎರಡು-ಮೂರು ದಿನ ಅರ್ಧ, ಆಮೇಲೆ ಮುಕ್ಕಾಲು, ಕೊನೆಗೆ ಪೂರ್ತಿ. ಮಲ ಸಡಿಲವಾದರೆ ಹಿಂದಿನ ಹಂತಕ್ಕೆ ಮರಳಿ ಎರಡು ದಿನ ನಿಲ್ಲಿ. ಮಲ ಗಟ್ಟಿಯಾಗಿ, ಎತ್ತಿದಾಗ ನೆಲದ ಮೇಲೆ ಗುರುತು ಉಳಿಯದಂತಿದ್ದರೆ ಆಹಾರ ಒಗ್ಗಿದೆ. ರಕ್ತ ಕಂಡರೆ, ವಾಂತಿಯೂ ಸೇರಿದರೆ ಅದು ಬದಲಾವಣೆಯ ತೊಂದರೆಯಲ್ಲ, ವೈದ್ಯರಿಗೆ ತೋರಿಸಿ.

ಒಣ ಆಹಾರವನ್ನು ಅದರ ಚೀಲದಲ್ಲೇ ಇಟ್ಟು, ಚೀಲವನ್ನು ಮುಚ್ಚಳದ ಡಬ್ಬದೊಳಗೆ ಇಡಿ. ಡಬ್ಬಕ್ಕೆ ನೇರವಾಗಿ ಸುರಿದರೆ ಗೋಡೆಗೆ ಅಂಟಿದ ಹಳೆಯ ಕೊಬ್ಬು ಕಮಟಾಗಿ ಹೊಸದನ್ನೂ ಕೆಡಿಸುತ್ತದೆ, ಬ್ಯಾಚ್ ಸಂಖ್ಯೆಯೂ ಕಳೆದುಹೋಗುತ್ತದೆ. ಜಾಗ ಒಣದಾಗಿ, 27 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿರಲಿ. ತೆರೆದ ಚೀಲ ನಾಲ್ಕರಿಂದ ಆರು ವಾರದಲ್ಲಿ ಮುಗಿಯುವಂತೆ ಗಾತ್ರ ಆರಿಸಿ. ಸಣ್ಣ ನಾಯಿಗೆ ದೊಡ್ಡ ಚೀಲ ಉಳಿತಾಯವಲ್ಲ. ಮುಗ್ಗಲು ಅಥವಾ ಕಮಟು ವಾಸನೆ ಬಂದರೆ, ಎಂದಿನ ಆಹಾರವನ್ನೇ ನಾಯಿ ಮೂಸಿ ದೂರ ಸರಿದರೆ, ಆ ಚೀಲ ಬಿಡಿ. ತೆರೆದ ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ಬಟ್ಟಲಲ್ಲಿ ಉಳಿದ ಹಸಿ ಆಹಾರವನ್ನು ಎರಡು ಗಂಟೆಯೊಳಗೆ ತೆಗೆಯಿರಿ. ನೀರು ಕಿಲೋ ತೂಕಕ್ಕೆ ದಿನಕ್ಕೆ 50–60 ಮಿಲಿಲೀಟರ್ ಸಾಮಾನ್ಯ. ಬಿಸಿಲು, ಓಟ ಇಲ್ಲದೆಯೂ ಅದು 100 ದಾಟುತ್ತಿದ್ದರೆ ಮಧುಮೇಹ ಅಥವಾ ಕಿಡ್ನಿ ಪರೀಕ್ಷೆ ಆಗಬೇಕು.

ಎರಡು ವಾರಕ್ಕೊಮ್ಮೆ ತೂಗಿ, ಪಕ್ಕೆ ಮುಟ್ಟಿ ನೋಡಿ, ಆಹಾರವನ್ನು ಒಂದು ಸಲಕ್ಕೆ ಶೇ 10ರಷ್ಟು ಮಾತ್ರ ಏರಿಸಿ ಅಥವಾ ಇಳಿಸಿ. ದಪ್ಪ ನಾಯಿ ವಾರಕ್ಕೆ ತನ್ನ ತೂಕದ ಶೇ 1ರಿಂದ 2 ಇಳಿದರೆ ಸರಿಯಾದ ವೇಗ. ಇದಕ್ಕಾಗಿ ಎಂದಿನ ಆಹಾರವನ್ನು ಮೂರನೇ ಒಂದು ಪಾಲು ಕತ್ತರಿಸಬೇಕಾಗಿ ಬಂದರೆ ಕ್ಯಾಲೊರಿಯ ಜೊತೆ ವಿಟಮಿನ್, ಪ್ರೋಟೀನ್ ಕೂಡ ಕಡಿತವಾಗುತ್ತವೆ. ಆಗ ತೂಕ ಇಳಿಕೆಗೆಂದೇ ರೂಪಿಸಿದ ಆಹಾರಕ್ಕೆ ಬದಲಾಯಿಸಬೇಕು. ತೂಗಿ ಹಾಕುತ್ತಿದ್ದರೂ, ಕದ್ದು ತಿನ್ನುವ ದಾರಿ ಇಲ್ಲದಿದ್ದರೂ ತೂಕ ಇಳಿಯದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಚೆನ್ನಾಗಿ ತಿಂದೂ ಇಳಿಯುತ್ತಲೇ ಇದ್ದರೆ ಮೊದಲು ಮಲದಲ್ಲಿ ಹುಳದ ಪರೀಕ್ಷೆ, ಅದರ ಜೊತೆಗೇ ರಕ್ತಪರೀಕ್ಷೆ ಮಾಡಿಸಿ.